ಕೃಷ್ಣೆಯವರೆಗಿನ ಚುಕ್ಕೆ

ವೇದವ್ಯಾಸ ಬರೆದ ಕಂಪ್ಯೂಟರ್ ಸ್ಕ್ರಿಪ್ಟಿನಲ್ಲಿ ಐದು ಹಂತಗಳಿದ್ದವು. ಐದಕ್ಕೂ ಅವನು ಪೂಜೆಯ ಹೆಸರಿಟ್ಟಿದ್ದ. ಮೊದಲನೆಯದು ಸ್ಥಳಶುದ್ಧಿ, ಹಳೆಯದನ್ನೆಲ್ಲ ಅಳಿಸುವುದು. ಆಮೇಲೆ ಆಸನ, ಬೇಕಾದ ಪ್ರೋಗ್ರಾಮುಗಳನ್ನು ಕೂರಿಸುವುದು. ಆವಾಹನೆಯಲ್ಲಿ ರೇಡಿಯೋ ಎಚ್ಚರಾಗುತ್ತಿತ್ತು, ದೀಪದಲ್ಲಿ ಪರದೆಯ ಮೇಲೆ ನಕಾಶೆ ಮೂಡುತ್ತಿತ್ತು, ಮಂಗಳಕ್ಕೆ ಬಂದರೆ ಒಂದು ಗಂಟೆ ಬಾರಿಸುತ್ತಿತ್ತು. ರೋಣದ ಮನೆಯ ಮಾಳಿಗೆಯ ಮೇಲೆ, ತುಳಸಿ ಕುಂಡದ ಪಕ್ಕದ ಪೈಪಿಗೆ ಕಟ್ಟಿದ ಮೊಳದುದ್ದದ ಆಂಟೆನಾ. ಕೆಳಗೆ ಅಂಗೈಯಗಲದ ಕಂಪ್ಯೂಟರು. ಆಕಾಶದಲ್ಲಿ ಹೋಗುವ ವಿಮಾನಗಳು ತಮ್ಮ ಗುರುತು, ಎತ್ತರ, ದಿಕ್ಕನ್ನು ತಾವೇ ಕ್ಷಣಕ್ಷಣಕ್ಕೂ ಹೇಳಿಕೊಳ್ಳುತ್ತ ಹೋಗುತ್ತವೆ. ಕೇಳುವ ಕಿವಿಯೊಂದು ಬೇಕು ಅಷ್ಟೇ. ಮೊಬೈಲ್ ಟವರುಗಳ ರಿಪೇರಿ ಮಾಡಿ ಸಂಸಾರ ನಡೆಸುತ್ತಿದ್ದ ಅವನಿಗೆ ಅಂಥ ಕಿವಿ ಕಟ್ಟುವುದು ಕಷ್ಟವೇನಲ್ಲ.

ಸವಡಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಹೆಂಡತಿ ನಮ್ರತಾ ಆ ಸ್ಕ್ರಿಪ್ಟು ಓದಿ ನಕ್ಕಿದ್ದಳು.

"ನೈವೇದ್ಯ ಒಂದ್ ಬಿಟ್ಟೀರಿ ನೋಡ್ರಿ. ಅದಕ್ಕ ಹಸಿವಿ ಆಗಂಗಿಲ್ಲೇನು?"

"ಕರೆಂಟು ತಿಂತದಲ್ಲ, ಸಾಕು."

"ಅದಿರ್ಲಿ. ಈ ಸ್ಥಳಶುದ್ಧಿ ಹೇಳದ ಕೇಳದ ಎಲ್ಲಾ ಅಳಸ್ತದ. ಒರಸ್ಲೇನ್ರಿ ಅಂತ ಒಂದ್ ಮಾತು ಕೇಳ್ಲಿ."

"ದೇವರ ಮನಿ ಒರಸೂ ಮುಂದ ಯಾರನ್ನ ಕೇಳ್ತೀ ನೀ?"

"ಒರಸೂದಕ್ಕ ಮೊದಲ ದೇವರನ್ನ ಎತ್ತಿ ಇಡ್ತೀನ್ರಿ ನಾ."

ಅವನೂ ನಕ್ಕಿದ್ದ. ಆದರೆ ಆ ಒಂದು ಸಾಲನ್ನು ಬರೆಯಲಿಲ್ಲ.

ಹೋದ ವರ್ಷ ಅವಳ ಮಿದುಳಿನಲ್ಲಿ ರಕ್ತ ಸೋರಿತು. ಹುಬ್ಬಳ್ಳಿಯ ವೈದ್ಯರು ಹೈದರಾಬಾದಿಗೆ ಒಯ್ಯಿರಿ ಎಂದರು. ಆಂಬ್ಯುಲೆನ್ಸ್ ವಿಮಾನದಲ್ಲಿ ಜೊತೆಗೆ ಹೋಗಲು ಒಬ್ಬರಿಗಷ್ಟೇ ಜಾಗ. ದವಾಖಾನೆಯ ರೀತಿನೀತಿ ಬಲ್ಲ ಅವಳ ಅಣ್ಣ ಪ್ರಹ್ಲಾದ ಹತ್ತುವುದೆಂದಾಯಿತು. ವಿಮಾನ ಬರುವುದಕ್ಕೇ ಇನ್ನೂ ಮೂರು ತಾಸು ಇತ್ತು. ಅವಳ ಕಾಗದಪತ್ರ ತೆಗೆದುಕೊಂಡು ರಾತ್ರಿಯ ಬಸ್ಸು ಹಿಡಿಯಲೆಂದು ವೇದವ್ಯಾಸ ರೋಣಕ್ಕೆ ಬಂದ. ಟ್ರಂಕು ತೆಗೆಯುತ್ತಿದ್ದಾಗ ಪ್ರಹ್ಲಾದನ ಫೋನು ಬಂತು: "ಹೊಂಟ್ವಿ ನೋಡು." ವಿಮಾನದ ಗುರುತಿನ ಅಕ್ಷರಗಳನ್ನೂ ಹೇಳಿದ.

ಪರದೆಯ ನಕಾಶೆಯಲ್ಲಿ ನವಲಗುಂದದ ಮೇಲೆ ಚುಕ್ಕೆ ಕಾಣಿಸಿತು. ಹಾದಿ ರೋಣದ ನೆತ್ತಿಯ ಮೇಲೆಯೇ ಇತ್ತು. ಮಾಳಿಗೆಗೆ ಓಡಿದ, ಮೋಡ. ಸದ್ದು ಮಾತ್ರ ತಲೆಯ ಮೇಲಿಂದ ದಾಟಿ ಹೋಯಿತು. ಕೆಳಗಿಳಿದು ಪರದೆಯ ಮುಂದೆ ಕೂತ. ಗಜೇಂದ್ರಗಡದ ಗುಡ್ಡವನ್ನು ಬಲಕ್ಕೆ ಬಿಟ್ಟು ಚುಕ್ಕೆ ಸರಿಯಿತು, ಸರಿಯುತ್ತ ಕೃಷ್ಣೆಯನ್ನು ದಾಟಿತು. ಆಂಟೆನಾದ ಕಿವಿ ಅಲ್ಲಿಗೆ ಮುಗಿಯಿತು. ಅವನ ಬಸ್ಸು ಹೈದರಾಬಾದ್ ಮುಟ್ಟುವ ಮೊದಲೇ ಅವಳು ಹೋಗಿದ್ದಳು.

ಅವಳ ಜೊತೆ ಅವನು ಕಳೆದ ಕೊನೆಯ ಹೊತ್ತೆಂದರೆ ಆ ಚುಕ್ಕೆ. ಎಲ್ಲಿ, ಎಷ್ಟು ಎತ್ತರ ಎಂದು ನಿಮಿಷಕ್ಕೊಂದು ಸಾಲಿನಂತೆ ಕಂಪ್ಯೂಟರಿನ ಪೆನ್‌ಡ್ರೈವಿನಲ್ಲಿ ಮೂವತ್ತೊಂದು ಸಾಲು ಉಳಿದಿದ್ದವು. ಎಷ್ಟು ಸಲ ತೆಗೆದು ಓದಿದ್ದನೋ. ಪ್ರತಿ ಮಾಡಿಡಬೇಕೆಂದು ಅನಿಸಿದಾಗಲೆಲ್ಲ, ಅವಳು ಹೋದದ್ದಕ್ಕೊಂದು ನಕಲು ಯಾಕೆ ಎಂದು ಕೈ ಹಿಂದೆಗೆಯುತ್ತಿತ್ತು.

ವರ್ಷದ ಶ್ರಾದ್ಧಕ್ಕೆ ವಾರವಿದೆ ಎನ್ನುವಾಗ ಮಗಳು ಅನಘಾ ಫೋನು ಮಾಡಿದಳು. ಧಾರವಾಡದಲ್ಲಿ ಮಾವ ಪ್ರಹ್ಲಾದನ ಮನೆಯಲ್ಲಿದ್ದು ಒಂಬತ್ತನೇ ಇಯತ್ತೆ ಓದುತ್ತಿದ್ದವಳು.

"ಅಪ್ಪಾ, ಅಮ್ಮನ ಹಾದಿ ತೋರಸ್ತೀಯಲ್ಲ? ಇಷ್ಟ ದಿನಾ ನೋಡೂ ಧೈರ್ಯ ಇರಲಿಲ್ಲ. ಈಗ ನೋಡ್ತೀನಿ."

"ಬಾ. ತೋರಸ್ತೀನಿ."

ಮರುದಿನ ಕರೆಂಟು ಹೋಗಿ ಬಂದು ಮಾಡಿ, ಕಂಪ್ಯೂಟರಿನ ಮೆಮೊರಿ ಕಾರ್ಡು ಸುಟ್ಟಿತು. ಹೊಸದು ತಂದ. ಬೆಳಿಗ್ಗೆ ಸ್ನಾನ ಮಾಡಿ, ಮಡಿಯಲ್ಲೇ ಕೂತು, ಎಂದಿನಂತೆ ಸ್ಕ್ರಿಪ್ಟು ಓಡಿಸಿದ. ಐದೂ ಹಂತ ಸಾಂಗವಾಗಿ ನಡೆದು ಗಂಟೆ ಬಾರಿಸಿತು. ಹಗಲೆಲ್ಲ ವಿಮಾನಗಳು ಬಂದವು, ಹೋದವು. ಸಂಜೆ ಮಗಳಿಗೆಂದು ಆ ಸಾಲುಗಳನ್ನು ತೆಗೆಯಹೋದರೆ ಪೆನ್‌ಡ್ರೈವಿನಲ್ಲಿ ಅವತ್ತು ಹಗಲು ಹಾದ ವಿಮಾನಗಳಷ್ಟೇ ಇದ್ದವು. ಕಂಪ್ಯೂಟರಿಗೆ ಚುಚ್ಚಿಯೇ ಇದ್ದ ಅದನ್ನೂ ಸ್ಥಳಶುದ್ಧಿ ಒರೆಸಿತ್ತು. ಒರೆಸು ಎಂದು ಬರೆದವನು ಅವನೇ.

ನರಗುಂದದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಸಂಗನಬಸವ ಎರಡು ತಾಸು ಹುಡುಕಿದ.

"ಬರೇ ಅಳಸಿದ್ರ ತಗದು ಕೊಡ್ತಿದ್ನಿರಿ ಸರ. ಅದರ ಮ್ಯಾಲ ದಿನಾ ಪೂರ್ತಿ ಬ್ಯಾರೇದು ಬರದೈತಿ. ಯಾವ ಪುಣ್ಯಾತ್ಮರೀ ಹಿಂಗ ಮಾಡಿದಾಂವಾ?"

"ಸ್ಕ್ರಿಪ್ಟು ಮಾಡ್ತು."

"ಅದನ್ನ ಬರದ ಶಾಣ್ಯಾ ಯಾರಂತೀನಿ."

ವೇದವ್ಯಾಸ ಪೆನ್‌ಡ್ರೈವನ್ನು ಕಿಸೆಯಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ನಡೆದ.

ಮನೆಯಲ್ಲಿ ತಾಯಿ ಇಂದಿರಾಬಾಯಿ ಎಲ್ಲ ಕೇಳಿದರು. ಪುಸ್ತಕ ಮುಟ್ಟದೆ ಸಾವಿರ ಪದ್ಯ ಹೇಳುವವರು, ಮಗನಿಗೂ ಹಾಗೆಯೇ ಬಾಯಿಪಾಠ ಮಾಡಿಸಿ ಬೆಳೆಸಿದವರು.

"ಅಷ್ಟ ಸಲ ಓದೀದಿ. ಹೇಳು ನೋಡೋಣ, ನಾ ಕೇಳ್ತೀನಿ."

ಅವನು ಕಣ್ಣು ಮುಚ್ಚಿ ಹೇಳತೊಡಗಿದ. ನವಲಗುಂದ, ಎಂಟು ಸಾವಿರ ಅಡಿ. ಒಂಬತ್ತು ಸಾವಿರದ ನಾಲ್ಕುನೂರು. ತಾಯಿಯ ಬೆರಳು ತೊಡೆಯ ಮೇಲೆ ಸಾಲಿಗೊಮ್ಮೆ ಬೀಳುತ್ತಿತ್ತು. ರೋಣ ದಾಟಿತು. ಹನ್ನೆರಡನೆಯ ಸಾಲು ಮುಗಿಸಿ, ಗಜೇಂದ್ರಗಡದ ಆಚೆ, ನಾಲಗೆ ನಿಂತಿತು.

"ಹಿಂದಿನ ಸಾಲು ಹಿಡಿ," ಎಂದರು. ಹಿಡಿದ. ಮತ್ತೆ ಅಲ್ಲಿಯೇ ನಿಂತ. ಮೂರು ಸಲ ನವಲಗುಂದದಿಂದ ಹೊರಟು ಬಂದ. ಮೂವತ್ತೊಂದನೆಯದು, ಕೃಷ್ಣೆ ದಾಟಿದ ಸಾಲು, ತುಟಿಯ ಮೇಲೆಯೇ ಇತ್ತು. ನಡುವಿನ ಹದಿನೆಂಟು ಇರಲಿಲ್ಲ.

"ಅಂದಾಜಿಲೆ ಕೂಡಸ್ಲೇನವ್ವಾ? ಅನಘಾಗ ಗೊತ್ತಾಗಂಗಿಲ್ಲ."

"ಬ್ಯಾಡಪಾ. ಖೊಟ್ಟಿ ಸಾಲು ಕೂಡಸಬಾರದು." ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಶ್ರಾದ್ಧ ಮುಗಿದ ಮಧ್ಯಾಹ್ನ ಅನಘಾ ಪರದೆಯ ಮುಂದೆ ಕೂತಳು. ಒಂದೂ ಬಚ್ಚಿಡದೆ ಅವನು ಹೇಳಿದ. ನೆನಪಿದ್ದಷ್ಟನ್ನೇ ಗುರುತಿಸಿದ ನಕಾಶೆಯಲ್ಲಿ ಹನ್ನೆರಡು ಚುಕ್ಕೆ, ಆಮೇಲೆ ಬಯಲು, ದೂರದಲ್ಲಿ ಹೊಳೆಯಾಚೆ ಒಂದು. ಅವಳು ಬಹಳ ಹೊತ್ತು ಆ ಬಯಲನ್ನೇ ನೋಡಿದಳು.

"ಅಮ್ಮ ಹೇಳಿದ್ಲಲ್ಲ ಅಪ್ಪಾ, ಕೇಳೂ ಹಂಗ ಬರೀರಿ ಅಂತ. ನಾನೂ ಅಲ್ಲೇ ಕೂತಿದ್ದೆ." ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಹೇಳಿದಳು, ಎದ್ದು ಅಜ್ಜಿಯ ಹತ್ತಿರ ಹೋದಳು.

ಅವನು ಸ್ಕ್ರಿಪ್ಟು ತೆರೆದು, ಸ್ಥಳಶುದ್ಧಿಯ ಮೇಲೆ ಆ ಸಾಲು ಬರೆದ. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಸರಿಯಾಗಿದೆಯೇ ನೋಡಲು ಓಡಿಸಿದ.

"ಒರಸ್ಲೇನ್ರಿ?" ಎಂದು ಕೇಳಿತು ಪರದೆ.

ಒರೆಸಲು ಅಲ್ಲಿ ಈಗ ಏನೂ ಇರಲಿಲ್ಲ. ಹೌದು ಎಂದರೆ ಆಸನ, ಆವಾಹನೆ, ದೀಪ ಒಂದರ ಹಿಂದೊಂದು ನಡೆದು ಗಂಟೆ ಬಾರಿಸುತ್ತಿತ್ತು. ಬೇಡ ಎಂದರೆ ಮುಂದೆ ಹೋಗದೆ ಅಲ್ಲಿಯೇ ನಿಲ್ಲುವಂತೆ ಅವನೇ ಬರೆದಿದ್ದ.

ಬ್ಯಾಡ, ಎಂದು ಒತ್ತಿದ. ಎಲ್ಲ ನಿಂತಿತು. ಮಾಳಿಗೆಯ ಮೇಲಿಂದ ವಿಮಾನವೊಂದು ಹಾದುಹೋದ ಸದ್ದು ಕೇಳಿಸಿತು. ಅದು ಯಾವುದೆಂದು ಪರದೆ ಹೇಳಲಿಲ್ಲ.