ಒಂಬತ್ತನೇ ಬೀಜ

ನಮ್ಮ ಬೀಜ ಸಂಗ್ರಹಾಲಯದ ಪದ್ಧತಿ ಹೀಗೆ. ಹೊಸ ಪೊಟ್ಟಣ ಬಂದರೆ ಮೊದಲು ಒಂದು ಬೀಜ ಕೊಯ್ದು ಒಳಗೆ ಜೀವ ಇದೆಯಾ ನೋಡಬೇಕು, ಉಳಿದದ್ದನ್ನು ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದದ ಮೇಲಿಡಬೇಕು. ಇಪ್ಪತ್ತಾರು ವರ್ಷದಿಂದ ಕೊಯ್ಯೋ ಕೆಲಸ ನನ್ನದೇ. ನನ್ನ ಬ್ಲೇಡಿಗೆ ದಯೆ ದಾಕ್ಷಿಣ್ಯ ಇಲ್ಲ ಅಂತ ಇಲ್ಲಿ ಎಲ್ಲರೂ ಆಡಿಕೊಳ್ತಾರೆ, ಆಡಿಕೊಳ್ಳಲಿ. ಆದರೆ ನನ್ನ ತಂಗಿ ತಂದ ಪೊಟ್ಟಣದ ಮುಂದೆ ಕೂತಾಗ ಕೈ ಏಳಲೇ ಇಲ್ಲ.

ಅವಳೂ ಇಲ್ಲೇ ಕೆಲಸ, ಬೀಜ ಆಯ್ದು ತರೋಳು, ಹಂಗಾಮಿ. ಬಂಡೆ ಹತ್ತಿ, ಮೊಣಕೈ ತರಚಿಕೊಂಡು, ಒಂದು ಪೊದೆಯ ಬುಡದಲ್ಲಿ ಒಂಬತ್ತೇ ಒಂಬತ್ತು ಹೆಕ್ಕಿ ತಂದಿದ್ದಳು. ಕಂದು ಬಣ್ಣ, ತುದಿಗೊಂದು ಪುಟಾಣಿ ಟೋಪಿ.

ನಮ್ಮ ದೊಡ್ಡ ಸಾಹೇಬರು ಎಷ್ಟು ತಿರುಗಿಸಿ ನೋಡಿದರೂ ಅದರ ತಲೆಬುಡ ಸಿಗಲಿಲ್ಲ. "ಯಾವ ಕುಟುಂಬಕ್ಕೆ ಸೇರಿಸಬೇಕೋ ಗೊತ್ತಾಗ್ತಿಲ್ಲ. ಮೊಳೆತರೆ ಎಲೆ ನೋಡಿ ಹೇಳಬಹುದು. ಹೊಸ ಗಿಡ ಅಂತಾದರೆ ನಿನ್ನ ಕೆಲಸ ಕಾಯಂ. ಇಲ್ಲದಿದ್ರೆ ಮೂರು ತಿಂಗಳಿಗೆ ನಿನ್ನ ಅವಧಿ ಮುಗೀತು, ನಾನೇನೂ ಮಾಡೋಕಾಗಲ್ಲ" ಅಂತ ತಂಗಿಗೆ ಹೇಳಿದರು.

ನಾನು ರಿಜಿಸ್ಟರಿನಲ್ಲಿ 'ಒಂದು ಕೊಯ್ದಿದೆ, ಒಳಗೆ ಚೆನ್ನಾಗಿದೆ, ಉಳಿದದ್ದು ಎಂಟು' ಅಂತ ಬರೆದು, ಒಂಬತ್ತನ್ನೂ ತಟ್ಟೆಯಲ್ಲಿಟ್ಟೆ.

ಆಮೇಲೆ ದಿನಾ ಬೆಳಿಗ್ಗೆ ಅವಳು ಬಾಗಿಲಲ್ಲಿ ಇಣುಕೋದು. "ಅಕ್ಕಾ, ಏನಾದ್ರೂ?"

"ಒಲೆ ಮೇಲಿಟ್ಟ ಹಾಲಾ ಇದು, ನೀನು ನಿಂತು ಕಾದರೆ ಉಕ್ಕೋಕೆ? ಹೋಗೇ" ಅಂತ ಗದರಿಸ್ತಿದ್ದೆ. ಅವಳು ಅತ್ತ ಹೋದ ಕೂಡಲೇ ನಾನೇ ಭೂತಗನ್ನಡಿ ಹಿಡಿದು ಕೂರ್ತಿದ್ದೆ.

ಅವಳ ಅವಧಿಯ ಕೊನೆಯ ದಿನ ಸಾಹೇಬರೇ ಬಂದರು. ತಂಗಿ ನನ್ನ ಪಕ್ಕ ನಿಂತಳು. ತಟ್ಟೆಯ ಮುಚ್ಚಳ ತೆಗೆದೆ. ಒಂದರ ಟೋಪಿ ಬಿಚ್ಚಿಕೊಂಡು, ಹಸಿರು ಎಳೆಯೊಂದು ಹೊರಗೆ ಬಂದಿತ್ತು.

"ಮೊಳಕೆ" ಅಂದಳು ತಂಗಿ. ಹಿಡಿದ ನನ್ನ ತೋಳನ್ನು ಬಿಡಲಿಲ್ಲ.

ಸಾಹೇಬರು ಬಗ್ಗಿ ನೋಡಿದರು. ಎಳೆ ಮಡಚಿತು, ಚಾಚಿತು, ಕಾಗದದ ಮೇಲೆ ಊರಿತು. ಹಿಂದೆಯೇ ಇನ್ನೊಂದು.

"ಬೇರಿಗೆ ಮಂಡಿ ಇರುತ್ತೇನ್ರೀ?" ಅಂತ ನನ್ನನ್ನೇ ಕೇಳಿದರು.

ತಂಗಿ ಸ್ಟೂಲಿನ ಮೇಲೆ ಕುಸಿದಳು. "ಬೀಜ ಅಂತ ಹುಳದ ಮೊಟ್ಟೆ ತಂದಿದ್ದೀನಿ" ಅಂತ ಅಳು ಶುರು.

"ಗಿಡವೂ ಉಸಿರಾಡುತ್ತೆ, ಬೆಳೆಯುತ್ತೆ, ಮರಿ ಮಾಡುತ್ತೆ, ಅಲ್ಲಿಗೆ ಎಲ್ಲ ಸರಿ" ಅಂದರು ಸಾಹೇಬರು. "ಆದರೆ ನನ್ನ ತೋಳು ಹತ್ತಲ್ಲ ನೋಡಿ." ತಟ್ಟೆಯ ಮರಿ ಆಗಲೇ ಅವರ ಅಂಗಿ ಹತ್ತಿತ್ತು.

ಮೇಲಿನ ಮಹಡಿಯ ಕೀಟ ವಿಭಾಗದ ಮುಖ್ಯಸ್ಥೆಗೆ ಫೋನ್ ಹೋಯಿತು. ನಾವು ಅವರನ್ನು ಹುಳದಮ್ಮ ಅಂತೀವಿ. ಎರಡೆರಡು ಮೆಟ್ಟಿಲು ಹಾರಿ ಬಂದರು. ಕಾಲಿನ ಗೆಣ್ಣು ಎಣಿಸಿ, ಮೀಸೆ ಅಳೆದು, "ಕಡ್ಡಿಹುಳದ ಗುಂಪು. ಈ ಜಾತಿ ಮಾತ್ರ ನಾನು ಎಲ್ಲೂ ನೋಡಿಲ್ಲ. ದೊಡ್ಡದಾದರೆ ಪೊದೆಯ ಕಡ್ಡಿಗೂ ಇದಕ್ಕೂ ವ್ಯತ್ಯಾಸವೇ ತಿಳಿಯಲ್ಲ. ಹನ್ನೊಂದು ವರ್ಷದಿಂದ ಆ ಬಂಡೆಗಳಲ್ಲಿ ಅಲೀತಿದ್ದೀನಿ, ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ಇದರ ಮೊಟ್ಟೆ ಕಂಡ ಕಣ್ಣು ಯಾರದು?" ಅಂತ ಕೇಳಿದರು.

ತಂಗಿ ಮೂಗು ಸೀಟುತ್ತಾ ಕೈ ಎತ್ತಿದಳು.

"ನಿಮಗೆ ಬೇಡದಿದ್ರೆ ಈ ಹುಡುಗೀನ ನನಗೆ ಕೊಡಿ. ನನ್ನಲ್ಲಿ ಕಾಯಂ ಜಾಗ ಖಾಲಿ ಇದೆ" ಅಂದರು ಹುಳದಮ್ಮ.

ಮಧ್ಯಾಹ್ನದೊಳಗೆ ಎಲ್ಲ ಟೋಪಿಗಳೂ ಬಿಚ್ಚಿದವು. ಸಾಹೇಬರು ಮರಿ ಎಣಿಸಿದರು, ರಿಜಿಸ್ಟರ್ ನೋಡಿದರು, ಮತ್ತೆ ಎಣಿಸಿದರು. "ಎಂಟು ಅಂತ ಬರೆದಿದ್ದೀರಿ. ಒಂಬತ್ತಿದೆ."

ಕಳ್ಳನ ಮನಸ್ಸು ಹುಳ್ಳುಳ್ಳಗೆ. "ಕೊಯ್ಯಲಿಲ್ಲ ಸಾರ್" ಅಂದೆ.

"ಕೊಯ್ದಿದ್ರೆ ಮೊದಲ ದಿನವೇ ಗೊತ್ತಾಗಿ ಪೊಟ್ಟಣ ಕಸಕ್ಕೆ ಹೋಗ್ತಿತ್ತು" ಅಂದರು ಅವರು, ಕೋಪ ಮಾಡೋದೋ ನಗೋದೋ ತಿಳಿಯದೆ. "ಇನ್ನೊಂದು ಸಲ ಸುಳ್ಳು ಬರೆದರೆ ನಿಮ್ಮನ್ನೂ ಮೇಲಕ್ಕೆ ಸಾಗಹಾಕ್ತೀನಿ."

ತಂಗಿ ನನ್ನ ಮುಖ ನೋಡಿದಳು. "ಯಾಕಕ್ಕಾ ಕೊಯ್ಯಲಿಲ್ಲ?"

"ಒಳಗೆ ಖಾಲಿ ಇದ್ದಿದ್ರೆ ನಿನಗೆ ಏನಂತ ಹೇಳಲಿ? ಧೈರ್ಯ ಬರಲಿಲ್ಲ ಕಣೇ."

ಅವಳು ನಕ್ಕಳು, ಕಣ್ಣು ಮತ್ತೆ ತುಂಬಿತು. ಒಂಬತ್ತನೆಯದು ಅವಳ ಬೆರಳ ಮೇಲೆ ನಿಂತಿತ್ತು, ಬಿದ್ದೀತು ಅಂತ ಅವಳು ಕೈ ಅಲ್ಲಾಡಿಸಲಿಲ್ಲ. ನಾನೇ ಅವಳ ಕಣ್ಣು ಒರೆಸಿದೆ.