ಏಳನೇ ಮಂಚದ ಎರಡು ಚೀಟಿ

ನಮ್ಮ ಆಸ್ಪತ್ರೆಯ ಆರು ವಾರ್ಡುಗಳಲ್ಲೂ ಹಸಿರು ಅಕ್ಷರದ ಪರದೆ, ಕೀಲಿಮಣೆಯ ಹಳೆಯ ಟರ್ಮಿನಲ್ಲುಗಳಿವೆ. ಅವುಗಳನ್ನು ನಡೆಸುತ್ತಿದ್ದ ದೊಡ್ಡ ಕಂಪ್ಯೂಟರು ಆಗಾಗ ಕೈಕೊಡತೊಡಗಿತು, ಅದರ ಬದಲಿಗೆ ನೆಲಮಾಳಿಗೆಗೆ ಯುನಿಕ್ಸ್ ಎಂಬ ಹೊಸ ಬಗೆಯ ಕಂಪ್ಯೂಟರು ಬಂತು. ಇವನ್ನೆಲ್ಲ ನೋಡಿಕೊಳ್ಳುವವನು ನಾನು; ಟರ್ಮಿನಲ್ಲುಗಳನ್ನೂ ಬದಲಿಸೋಣ ಎಂದರೆ ಆಡಳಿತಾಧಿಕಾರಿ, "ನಡೀತಿರೋದನ್ನ ಯಾಕ್ರೀ ಎಸೀಬೇಕು?" ಎಂದು ನನ್ನ ಬಾಯಿ ಮುಚ್ಚಿಸಿದರು. ಹಳೆಯದಕ್ಕೂ ಹೊಸದಕ್ಕೂ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಟರ್ಮಿನಲ್ಲು ಇಡೀ ಪರದೆ ತುಂಬಿಸಿ ಎಂಟರ್ ಒತ್ತುವ ತನಕ ತುಟಿಪಿಟಕ್ಕೆನ್ನುವುದಿಲ್ಲ. ಯುನಿಕ್ಸಿಗೋ ಒಂದೊಂದು ಅಕ್ಷರವೂ ಆಗಿಂದಾಗಲೇ ಕಿವಿಗೆ ಬೀಳಬೇಕು. ಇಬ್ಬರ ನಡುವೆ ದುಭಾಷಿಯಾಗಿ ಒಂದು ಡಬ್ಬಿ ಕೂರಿಸಿ, ಅದಕ್ಕೆ ಪ್ರೋಗ್ರಾಮು ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ನನಗೆ ಭಯವಿತ್ತು. ಆ ತಂತಿಯಲ್ಲಿ ಹೋಗುವುದು ಔಷಧಿಯ ಬೇಡಿಕೆ. ವಾರ್ಡಿನಲ್ಲಿ ನರ್ಸು ಬರೆದದ್ದು ಔಷಧಾಲಯದಲ್ಲಿ ಚೀಟಿಯಾಗಿ ಅಚ್ಚಾಗುತ್ತದೆ. ಚೀಟಿಯ ಜೊತೆ ಔಷಧಿ ಮೇಲೆ ಬಂದರೆ, ಬಿಡುವಾಗಿರುವ ನರ್ಸು ಯಾರೋ ಅವರು ಕೊಟ್ಟುಬಿಡುತ್ತಾರೆ. ಮೂರು ವಾರ ಒಂದೇ ಸಮ ಪರೀಕ್ಷೆ ಮಾಡಿದೆ. "ನಿದ್ದೇಲೂ ಎಂಟರ್, ಎಂಟರ್ ಅಂತೀರಲ್ಲ, ನನ್ನ ಹೆಸರು ನೆನಪಿದೆಯಾ?" ಎಂದು ಹೆಂಡತಿ ಕಾಲೆಳೆದಳು. ನನಗೆ ನಗು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆರೂ ವಾರ್ಡಿನ ತಂತಿ ಬದಲಿಸಿ ಡಬ್ಬಿಗೆ ಜೋಡಿಸಿದೆ. ಹನ್ನೊಂದಕ್ಕೆ ಔಷಧಾಲಯದವರ ಫೋನು.

"ನಿಮ್ಮ ಡಬ್ಬಿ ಭಾರೀ ಧಾರಾಳ ಕಣ್ರೀ. ಮೂರನೇ ವಾರ್ಡು, ಏಳನೇ ಮಂಚಕ್ಕೆ ಇನ್ಸುಲಿನ್ ಚೀಟಿ ಎರಡು ಬಂತು."

"ಕಳಿಸಿಬಿಟ್ರಾ?"

"ಎರಡೂ ಕಳಿಸಿ ಹತ್ತು ನಿಮಿಷ ಆಯ್ತಲ್ಲ."

ಏಳನೇ ಮಂಚದಲ್ಲಿದ್ದವರು ಒಬ್ಬ ಮುದಿ ದರ್ಜಿ. ಎರಡನೇ ಸೂಜಿ ಬಿದ್ದರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ, ಆಮೇಲೆ ಏನು ಬೇಕಾದರೂ ಆಗಬಹುದು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದೆ. ಮಂಚದ ಪಕ್ಕ ನರ್ಸೊಬ್ಬಳು ಅವರ ತೋಳು ಒರೆಸುತ್ತಿದ್ದಳು, ಇನ್ನೊಂದು ಕೈಯಲ್ಲಿ ಸೂಜಿ.

"ಚುಚ್ಚಬೇಡಿ!" ಎಂದು ಕಿರುಚಿದೆ. ಇಡೀ ವಾರ್ಡು ತಿರುಗಿ ನೋಡಿತು.

"ಯಾಕಪ್ಪಾ, ಎಲ್ಲಿ ಬೆಂಕಿ ಬಿತ್ತು?" ಎಂದರು ದರ್ಜಿ. "ಒಂದು ಆಗಲೇ ಕೊಟ್ರಲ್ಲ, ಇದೇನು ಮೇಲುಪಚಾರವೋ ಅಂದ್ಕೊಂಡೆ."

ನರ್ಸು ಸೂಜಿಯನ್ನು ಟ್ರೇಯಲ್ಲಿಟ್ಟಳು. ಭಯ ಇಳಿದ ಕೂಡಲೇ ಸಿಟ್ಟು ಏರಿತು. ಟರ್ಮಿನಲ್ಲಿನ ಮುಂದೆ ಕೂತಿದ್ದ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತೇವೆ. ಅವರ ಮೇಲೆ ಹರಿಹಾಯ್ದೆ. "ಎಂಟರ್ ಎಷ್ಟು ಸಲ ಒತ್ತಿದ್ರಿ ದೊಡ್ಡಕ್ಕ?"

"ಎರಡು ಸಲ."

"ಯಾಕೆ? ಎರಡು ಸಲ ಒತ್ತಿ ಅಂತ ಯಾರು ಹೇಳಿದ್ರು ನಿಮಗೆ?"

ದೊಡ್ಡಕ್ಕ ಕನ್ನಡಕ ಕೆಳಗಿಳಿಸಿ ನನ್ನನ್ನೇ ನೋಡಿದರು. "ಒಳ್ಳೆ ಕತೆ ಆಯ್ತಲ್ಲ! ಲೈನು ನಿಧಾನ, ಒಂದ್ಸಲ ಒತ್ತಿದ್ರೆ ಕೆಲವು ಸಲ ಹೋಗಲ್ಲ, ಎರಡು ಸಲ ಒತ್ತಿಬಿಡಿ ಅಂತ ನೀನೇ ಅಲ್ವೇನಪ್ಪಾ ಹೇಳ್ಕೊಟ್ಟಿದ್ದು? ಎಂಟು ವರ್ಷದಿಂದ ಹಾಗೇ ಒತ್ತುತಿದೀವಿ."

ನಾನೇ ಹೇಳಿಕೊಟ್ಟಿದ್ದೆ. ಹಳೆಯ ಕಂಪ್ಯೂಟರು ಎರಡನೆಯದನ್ನು ನುಂಗಿ ಸುಮ್ಮನಿರುತ್ತಿತ್ತು. ನನ್ನ ಡಬ್ಬಿ ಪ್ರಾಮಾಣಿಕವಾಗಿ ಎರಡನ್ನೂ ದಾಟಿಸಿತ್ತು. ಮೂರು ವಾರದ ಪರೀಕ್ಷೆಯಲ್ಲಿ ನಾನು ಒತ್ತಿದ್ದು ಪ್ರತಿಸಲವೂ ಒಂದೇ ಸಲ.

"ನಿಮಗೊಬ್ಬರಿಗೇ ತಾನೆ ಹೇಳಿದ್ದು?" ಎಂದೆ.

"ಆರೂ ವಾರ್ಡಿನವರನ್ನ ಕೂರಿಸಿ ಹೇಳಿದ್ಯಲ್ಲ," ಎಂದರು ದೊಡ್ಡಕ್ಕ. ಹೇಳುತ್ತಿದ್ದಂತೆಯೇ ಅವರ ಮುಖ ಬಿಳಿಚಿಕೊಂಡಿತು. ಫೋನೆತ್ತಿ ಔಷಧಾಲಯಕ್ಕೆ ಹಚ್ಚಿ ನನ್ನ ಕೈಗೆ ಕೊಟ್ಟರು.

"ಹತ್ತರಿಂದೀಚೆಗೆ ಜೋಡಿ ಬಂದ ಚೀಟಿ ಎಷ್ಟಿದೆ?" ಎಂದೆ.

ಕಾಗದ ಮಗುಚುವ ಸದ್ದು ಬಹಳ ಹೊತ್ತು ಕೇಳಿಸಿತು.

"ಬರ್ಕೊಳ್ಳಿ," ಎಂದರು ಅವರು. "ಒಂದನೇ ವಾರ್ಡಿಂದ ಶುರು ಮಾಡ್ತೀನಿ."