ಕ್ಯಾಂಪಿನ ಗೋದಾಮಿನಲ್ಲಿ ಕಪ್ಪು-ಬಿಳಿ ದೆವ್ವ

ಪಾಮನಕಲ್ಲೂರಿನ ಹೆಣ್ಣಾಳುಗಳ ಗುಂಪಿಗೆ ಹಿರೇತನ ಯಾರದು ಎಂಬುದು ಕೆಲಸದ ಮೊದಲ ದಿನ ತೀರ್ಮಾನವಾಗುವುದಿಲ್ಲ, ಕಡೆಯ ದಿನ ತೀರ್ಮಾನವಾಗುತ್ತದೆ. ಬಳಗಾನೂರಿನ ಸುತ್ತಿನ ಕಾಲುವೆ ಸೀಮೆಯಲ್ಲಿ ನೆಲ್ಲಿನ ಸಸಿ ಹಚ್ಚುವ ಕೆಲಸ ಮುಗಿದ ದಿನ ಹೊಲದ ಧಣಿಯಾದವನು ಕೂಲಿಯ ಮೇಲೆ ಏನಾದರೊಂದು ‘ಖುಷಿ’ ಕೊಡಬೇಕು. ಒಬ್ಬ ಧಣಿ ಬೆಲ್ಲ-ಕೊಬ್ಬರಿ ಹಂಚುತ್ತಾನೆ, ಇನ್ನೊಬ್ಬ ಕುಪ್ಪಸದ ಕಣ ಕೊಡುತ್ತಾನೆ, ಕೈಬಿಚ್ಚಿದವನಾದರೆ ಹೋಳಿಗೆ ಊಟ ಹಾಕಿಸುತ್ತಾನೆ. ಇದನ್ನು ಮಾತಾಡಿ ಕುದುರಿಸುವವಳು ಗುಂಪಿನ ಹಿರಿಯಳು. ಅವಳು ತಂದ ಖುಷಿಯಿಂದ ಹೆಂಗಸರಿಗೆ ನಿಜಕ್ಕೂ ಖುಷಿಯಾಯಿತೋ, ಮುಂದಿನ ಹಂಗಾಮಿಗೂ ಅವಳ ಬೆನ್ನಿಗೇ ಬರುತ್ತಾರೆ. ಆಗಲಿಲ್ಲವೋ, ಯಾರೂ ಬೈಯುವುದಿಲ್ಲ, ಜಗಳ ತೆಗೆಯುವುದಿಲ್ಲ. ಮುಂದಿನ ವರ್ಷ ಆಳುಗಳನ್ನು ಒಯ್ಯಲು ಟ್ರ್ಯಾಕ್ಟರ್ ಬಂದಾಗ ಇನ್ನೊಬ್ಬಳ ಹಿಂದೆ ಹತ್ತಿಬಿಡುತ್ತಾರೆ, ಅಷ್ಟೇ.

ಆ ವರ್ಷ, ಅದುವರೆಗೆ ಹಿರಿಯಳಾಗಿದ್ದ ಪೀರಮ್ಮನ ಮೊಣಕಾಲು ಕೈಕೊಟ್ಟಿತ್ತು. ಕೆಸರಿಗೆ ಇಳಿಯಲಾರದ ಆಕೆ ಆದಮ್ಮನನ್ನು ಕರೆದು, “ಈ ಒಂದು ಹಂಗಾಮು ನೀ ನಡಸು. ಆಮ್ಯಾಲ ಹೆಣಮಕ್ಕಳು ಹೆಂಗ ಅಂತಾರ ಹಂಗ” ಎಂದಿದ್ದಳು.

ಆದಮ್ಮನಿಗೆ ಅಂದಿನಿಂದ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಅವಳು ಹೆದರಿಕೆಯ ಹೆಂಗಸು. ಬಾಗಿಲಿಗೆ ಚಿಲಕ ಹಾಕಿ, ಓಣಿಯ ತುದಿಯವರೆಗೆ ನಡೆದು, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡುವವಳು. ಶಾಲೆಯ ಕಟ್ಟೆಯ ಮೇಲೆ ಸಂಜೆ ನಡೆಯುವ ಅಕ್ಷರದ ಕ್ಲಾಸಿಗೆ ಹೋಗುತ್ತಿದ್ದಳು. ಬರೆದದ್ದು ಸರಿಯಿದ್ದರೂ ಒರೆಸಿ ಮತ್ತೆ ಬರೆಯುತ್ತಿದ್ದಳು. ಪೀರಮ್ಮ ಅವಳನ್ನೇ ಆರಿಸಿದ್ದಕ್ಕೆ ಕಾರಣ ಒಂದೇ. ಹಿಂದೊಮ್ಮೆ, ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪಿನ ಒಂದು ಮನೆಯಲ್ಲಿ ಮುಸುರೆ ತಿಕ್ಕಿದ್ದರಿಂದ ಆದಮ್ಮನಿಗೆ ತೆಲುಗು ಬರುತ್ತದೆ ಎಂದು ಊರೆಲ್ಲ ನಂಬಿತ್ತು. ಬರುತ್ತಿದ್ದುದೇನೋ ನಿಜ. ಬಾ, ಹೋಗು, ಉಣ್ಣು, ಪಾತ್ರೆ ಎಲ್ಲಿ, ಸಸಿ ಎಲ್ಲಿ, ಇಷ್ಟರಮಟ್ಟಿಗೆ.

ಹಿರೇತನದ ಮೇಲೆ ಮೊದಲಿನಿಂದ ಕಣ್ಣಿಟ್ಟಿದ್ದವಳು ಯಮನಮ್ಮ. ವಯಸ್ಸಿನಲ್ಲಿ ದೊಡ್ಡವಳು, ಬಾಯಿಯಲ್ಲಿ ಇನ್ನೂ ದೊಡ್ಡವಳು. ಈ ಸಲದ ಖುಷಿ ಏನಿರಬೇಕೆಂದು ಬದುವಿನ ಮೇಲೆ ಕೂತು ರೊಟ್ಟಿ ಉಣ್ಣುವಾಗ ಮಾತು ಬಂದಾಗ ಅವಳೇ ಬಾಯಿ ಹಾಕಿದಳು.

“ಬೆಲ್ಲ ತಿಂದು ತಿಂದು ಹಲ್ಲ ಹುಳ ಹಿಡದಾವು. ಲಿಂಗಸುಗೂರಾಗ ನನ್ನ ಮಗಳ ಮನಿ ಬಾಜೂಕ ಕಲರ್ ವಿಡಿಯೋ ತರಿಸಿದ್ರು. ಏನ್ ಹೇಳಲಿ ಬೇ, ಸೀರಿ ಅಂಚು ಸುದ್ದಾ ಕಾಣ್ತದ! ಹಿರೇತನ ಮಾಡಾಕಿಗೆ ತಾಕತ್ತಿದ್ರ ಅದನ್ನ ತರಸಲಿ.”

ಎಲ್ಲರೂ ಆದಮ್ಮನ ಮುಖ ನೋಡಿದರು. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. “ಕೇಳ್ತೀನಿ” ಎಂದಳು.

ಕ್ಯಾಂಪಿನ ಧಣಿ ವೆಂಕಟರತ್ನಂ ತೆಲುಗು ಸೀಮೆ ಬಿಟ್ಟು ಬಂದು ಇಲ್ಲಿ ನೆಲೆ ನಿಂತವನು. ಆದಮ್ಮ ಅವನ ಅಂಗಳದಲ್ಲಿ ನಿಂತು, ಸೆರಗಿನ ತುದಿ ತಿರುವುತ್ತ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳಿಯೇಬಿಟ್ಟಳು. “ಟೀವಿ ಕಲರ್ ಇರಬೇಕ್ರಿ ಧಣ್ಯಾರ. ಸಣ್ಣದಲ್ಲ, ದೊಡ್ಡದು.” ಒಳಗೆ ಮಂಚದ ಮೇಲಿದ್ದ ಅವನ ತಾಯಿ ಮಾಣಿಕ್ಯಮ್ಮ ಮಗನನ್ನು ಕರೆದು ಏನೋ ಹೇಳಿದಳು. ಅವನು ನಕ್ಕು ಹೊರಬಂದು, “ಆಯ್ತು. ಸಿಂಧನೂರಿಂದ ತರಿಸ್ತೀನಿ, ಕಲರ್ ಟೀವೀನೇ” ಎಂದ. ಆದಮ್ಮ ಗಾಳಿಯಲ್ಲಿ ತೇಲಿದಂತೆ ಗದ್ದೆಗೆ ಬಂದಳು.

ಕಡೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಡೆಯ ಮಡಿಯೂ ಹಸಿರಾಯಿತು. ಹೆಂಗಸರು ಕಾಲುವೆಯಲ್ಲಿ ಕೈಕಾಲಿನ ಕೆಸರು ತೊಳೆದು, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು ನೆಲ್ಲಿನ ಗೋದಾಮಿಗೆ ಬಂದರು. ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದ್ದರು. ಸಿಂಧನೂರಿನಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದ ಮಹಮ್ಮದಸಾಬ, ಚೀಲಗಳ ಮೇಲೆ ಹಲಗೆ ಹಾಕಿ, ಅದರ ಮೇಲೆ ಟೀವಿ ಕೂರಿಸಿ, ಮದುಮಗಳಿಗೆ ಮುಸುಕು ಹಾಕಿದಂತೆ ಟವೆಲ್ ಹೊದಿಸಿದ್ದ. ಮುಂದುಗಡೆ ಕುರ್ಚಿಯಲ್ಲಿ ಮಾಣಿಕ್ಯಮ್ಮ ಕೂತಿದ್ದಳು.

ಟವೆಲ್ ಸರಿಯಿತು. ಕ್ಯಾಸೆಟ್ಟು ಒಳಗೆ ಹೋಯಿತು. ಮೊದಲು ಇರುವೆ ಮುತ್ತಿದಂತೆ ಚುಕ್ಕಿ ಬಂತು, ಆಮೇಲೆ ಗುಡುಗು-ಮಿಂಚು, ಒಂದು ಹಾಳು ಬಂಗಲೆ.

ಬಂಗಲೆ ಬೂದಿ ಬಣ್ಣದ್ದು. ಗಿಡ ಕಪ್ಪು. ಬಾಗಿಲು ತೆರೆದು ಬಂದವಳ ಸೀರೆಯೂ ಬೂದಿ.

“ಬಣ್ಣ ಎಲ್ಲೈತಿ?” ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

“ತಡಿಬೇ, ಬಿಸಿ ಆಗಬೇಕು ಅದು. ಬಿಸಿ ಆದಮ್ಯಾಲ ಬರ್ತೈತಿ.”

ಕಾದರು. ಬಣ್ಣ ಬರಲಿಲ್ಲ. ಯಮನಮ್ಮ ಎದ್ದು ನಿಂತಳು. “ಏ ಸಾಬಾ! ಹಳೇ ಟೀವಿ ತಂದು ಕಲರ್ ಅಂತ ಟೋಪಿ ಹಾಕಾಕ ಬಂದೀಯೇನು?”

“ಖುದಾನ ಆಣಿ ಅಕ್ಕಾ, ಕಲರ್ ಟೀವೀನ ಐತಿ!”

“ಕಲರ್ ಅಂತ, ಕಲರ್! ಇದಕ್ಕಿಂತ ನಮ್ಮ ಗೌಡ್ರ ಮನಿ ಟೀವಿ ವಾಸಿ. ಅದರ ಮುಂದ ಬಣ್ಣದ ಹಾಳಿ ಹಚ್ಯಾರ. ಮ್ಯಾಲ ನೀಲಿ, ಕೆಳಗ ಹಸರು. ಮನಷ್ಯಾರ ತಲಿ ನೀಲಿ ಇದ್ರೇನಾತು, ಬಣ್ಣ ಬಣ್ಣಾನ!”

ನಗು ಎದ್ದಿತು. ಆದಮ್ಮನಿಗೆ ಮಾತ್ರ ಆ ನಗು ಚುಚ್ಚಿತು. ಮಹಮ್ಮದಸಾಬ ಗುಬುಟು ತಿರುವುತ್ತಿದ್ದ. ಬೂದಿ ಇನ್ನಷ್ಟು ಬೂದಿಯಾಯಿತೇ ಹೊರತು ಬೇರೇನೂ ಆಗಲಿಲ್ಲ. ಅಷ್ಟರಲ್ಲಿ ಬಂಗಲೆಯ ಮೆಟ್ಟಿಲ ಕೆಳಗೆ, ಪರದೆಯ ಅಡಿಯಲ್ಲಿ, ಒಂದು ಪಟ್ಟಿ ಸರಿದು ಬಂತು. ಕ್ಯಾಸೆಟ್ಟು ಮಾಡಿದವರು ಸೇರಿಸಿದ, ಯಾವುದೋ ಊರಿನ ಸೀರೆ ಅಂಗಡಿಯ ಜಾಹೀರಾತು. ಪಟ್ಟಿ ಕುಂಕುಮದಂಥ ಕೆಂಪು. ಅದರ ತುದಿಯಲ್ಲಿ ಗಿಣಿಹಸಿರು ಸೀರೆಯುಟ್ಟ ಹೆಣ್ಣು ಕೈಮುಗಿದು ನಿಂತಿದ್ದಳು. ಪಟ್ಟಿ ನಿಧಾನಕ್ಕೆ ಸರಿದು ಹೊರಟುಹೋಯಿತು. ಮೇಲೆ ಬೂದಿ ಬಂಗಲೆ ಹಾಗೆಯೇ ನಿಂತಿತ್ತು.

“ನೋಡಿದ್ರೇನು?” ಮಹಮ್ಮದಸಾಬ ಎದೆ ಉಬ್ಬಿಸಿದ. “ಟೀವಿಗೆ ಬಣ್ಣ ಐತಿ. ಸಿನಿಮಾಕ್ಕ ಇಲ್ಲ. ಅದು ಹಳೇ ಕಾಲದ್ದು. ಕುರ್ಚಿಯಾಗಿನ ಅಮ್ಮಾರು ತಾವು ಸಣ್ಣವರಿದ್ದಾಗ ನೋಡಿದ್ದಂತ, ಅದಾ ಬೇಕು ಅಂದ್ರಂತ.”

ಆದಮ್ಮನಿಗೆ ಆಗ ಹೊಳೆಯಿತು. ಕಲರ್ ಟೀವಿ ಬೇಕೆಂದು ಕೇಳಿದ್ದಳು. ಕಲರ್ ಸಿನಿಮಾ ಬೇಕೆಂದು ಕೇಳಿರಲಿಲ್ಲ. ಕೇಳಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ಗುಂಪಿನಲ್ಲಿ ಇನ್ನಾರಿಗೂ ಹೊಳೆದಿರಲಿಲ್ಲ. ಬಣ್ಣ ಟೀವಿಯೊಳಗೇ ಇರುತ್ತದೆ ಎಂದುಕೊಂಡಿದ್ದರು. ಧಣಿ ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ತಪ್ಪಿದ್ದರೆ ತನ್ನದೇ. ಇನ್ನೇನು, ಹಿರೇತನ ಕೆಸರಿಗೆ ಬಿತ್ತು ಎಂದು ಅವಳು ತಲೆ ತಗ್ಗಿಸಿದಳು.

ಅದೂ ಸಾಲದೆಂಬಂತೆ ಪರದೆಯ ಮೇಲಿನವರು ಮಾತಾಡತೊಡಗಿದರು. ಅಚ್ಚ ತೆಲುಗು. ಹೆಂಗಸರು ಆಕಳಿಸಿದರು. ಒಬ್ಬಿಬ್ಬರು ಗಂಟು ಕಟ್ಟಲು ಎದ್ದರು.

“ಯಾಕ ಏಳ್ತೀರಿ? ಆದಮ್ಮಗ ತೆಲುಗು ಬರ್ತದಲ್ಲ!” ಯಮನಮ್ಮ ಎಲೆ-ಅಡಿಕೆ ಬಾಯಿಗಿಟ್ಟುಕೊಂಡು ಹೇಳಿದಳು. “ಹೇಳ್ತಾಳ ತಗೋ. ಏನ್ ಅನ್ನಾಕತ್ತಾನಬೇ ಅಂವ, ಬಿಳೇ ಮಾರಿಯಾಂವ?”

ಪರದೆಯಲ್ಲಿ ಹಿಟ್ಟು ಬಳಿದ ಮುಖದ, ಗಿರಿಜಾ ಮೀಸೆಯ ಒಬ್ಬ ದಪ್ಪ ಮನುಷ್ಯ ಗೋಡೆಯೊಳಗಿಂದ ತೂರಿ ಬಂದು, ಒಲೆಯ ಮುಂದೆ ಕೂತ ಹೆಂಗಸಿನ ಎದುರು ಎರಡೂ ಕೈ ಎತ್ತಿ ನಿಂತಿದ್ದ. ಅವನು ಆಡಿದ್ದರಲ್ಲಿ ಆದಮ್ಮನಿಗೆ ತಿಳಿದದ್ದು ಎರಡೇ ಮಾತು, ‘ನಾನು’ ಮತ್ತು ‘ಹೆಂಡತಿ’.

“ಅಂವ…” ಎಂದು ಆದಮ್ಮ ಪರದೆಯನ್ನೇ ನೋಡಿದಳು. “ಅಂವ ಸತ್ತಾನ. ದೆವ್ವ ಆಗಿ ಬಂದಾನ. ಆಕಿ ಅಂವನ ಹೇಣ್ತಿ.”

“ಏನಂತಾನ ಹೇಣ್ತಿಗೆ?”

ದೆವ್ವ ಕುಣಿಯಿತು, ಕಣ್ಣು ಹೊರಳಿಸಿತು. ಹೆಂಡತಿ ತಲೆ ಎತ್ತಿ ನೋಡಿ, ತುಸುವೂ ಅಂಜದೆ, ಖಾಲಿ ಕೊಡ ತೆಗೆದು ಅದರ ಕೈಗೆ ಕೊಟ್ಟಳು. ಆದಮ್ಮನಿಗೆ ತೆಲುಗು ಬಿಟ್ಟುಹೋಯಿತು. ಅವಳ ಕಣ್ಣೆದುರು ನಿಂತದ್ದು ಪಾಮನಕಲ್ಲೂರಿನ ಯಾವುದೋ ಮನೆಯ ಅಡಿಗೆಕೋಣೆ.

“‘ಏ ಇವಳ, ನಾ ದೆವ್ವ ಆಗಿ ಬಂದೀನಿ, ಜರಾ ಅಂಜು’ ಅಂತಾನ. ‘ಬದುಕಿದ್ದಾಗ ನಿನಗ ಅಂಜಿಲ್ಲ, ಸತ್ತಮ್ಯಾಲ ಅಂಜತೀನೇನು? ಸತ್ತೀನಿ ಅಂತ ಕೆಲಸ ಬಿಟ್ಟೀತೇನು? ನಡಿ, ನೀರು ತಾ’ ಅಂತಾಳ.”

ಗೋದಾಮು ಗೊಳ್ಳೆಂದಿತು. ಎದ್ದವರು ಕೂತರು.

ಅಲ್ಲಿಂದ ಮುಂದೆ ಆದಮ್ಮ ನಿಲ್ಲಲಿಲ್ಲ. ದೆವ್ವಕ್ಕೆ ಗೊಗ್ಗರು ದನಿ, ಹೆಂಡತಿಗೆ ಪೀರಮ್ಮನ ದನಿ. ಮನೆಗೆ ಬಂದು ಸೇರಿದ ಅಡಿಗೆಯವನಿಗೆ ಕಣ್ಣು ಮಂದ. ದೆವ್ವ ಅವನನ್ನು ಹೆದರಿಸಲೆಂದು ತನ್ನ ತಲೆಯನ್ನೇ ಕಿತ್ತು ಮೇಜಿನ ಮೇಲಿಟ್ಟರೆ, ಅವನು ಅದನ್ನು ಎತ್ತಿ, ತಟ್ಟಿ ನೋಡಿ, ಕುಂಬಳಕಾಯಿಯ ಜೊತೆ ಗೂಡಿನಲ್ಲಿಟ್ಟ. “‘ಇದು ಇನ್ನಾ ಬಲತಿಲ್ಲ, ದಸರಾಕ್ಕ ಕೊಯ್ದರಾತು’ ಅಂತಾನ!” ಎಂದಳು ಆದಮ್ಮ. ತಲೆಯಿಲ್ಲದ ಮೈ ಗೂಡಿನಲ್ಲಿ ತಡಕಾಡಿ, ನಿಜವಾದ ಕುಂಬಳಕಾಯಿಯನ್ನೇ ಹೆಗಲ ಮೇಲಿಟ್ಟುಕೊಂಡು ಹೊರಟಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗುಂಪಿನಲ್ಲಿದ್ದ ರಾಜಾಬೀಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿ ನೀರು ಕುಡಿಸಬೇಕಾಯಿತು.

ಆಗ ಮುಂದಿನ ಕುರ್ಚಿಯಲ್ಲಿದ್ದ ಮಾಣಿಕ್ಯಮ್ಮ ತಿರುಗಿದಳು. ಇಷ್ಟು ವರ್ಷ ಈ ನೆಲದಲ್ಲಿದ್ದು ಅವಳಿಗೆ ಕನ್ನಡ ಚೆನ್ನಾಗಿಯೇ ತಿಳಿಯುತ್ತಿತ್ತು.

“ಏ ಅಮ್ಮಾಯಿ,” ಎಂದಳು, “ಆ ಅಡಿಗೆಯವನು ಹೇಳಿದ್ದು ಅದಲ್ಲ. ಕುಂಬಳಕಾಯಿ ಮಾತೇ ಇಲ್ಲ ಅಲ್ಲಿ. ನೀನು ಹೇಳಿದ್ದು ಒಂದೂ ಇದರಲ್ಲಿ ಇಲ್ಲ.”

ನಗು ಅಡಗಿತು. ಪರದೆಯ ಮೇಲೆ ದೆವ್ವ ಮಾತ್ರ ಮಾತಾಡುತ್ತಿತ್ತು. ಆದಮ್ಮ ‘ಹೌದ್ರಿ, ಹಂಗ ಅಂತಾನ’ ಎಂದು ಸಾಧಿಸಬಹುದಿತ್ತು. ಮುದುಕಿಗೆ ಕಿವಿ ಮಂದ ಎಂದು ಹಾರಿಸಬಹುದಿತ್ತು. ಆದರೆ ಬರೆದದ್ದು ಸರಿಯಿದ್ದರೂ ಒರೆಸುವವಳು, ತಪ್ಪೆಂದು ಗೊತ್ತಿದ್ದದ್ದನ್ನು ಹೇಗೆ ಸಾಧಿಸಿಯಾಳು? ಅವಳು ಎದ್ದು ನಿಂತಳು. ಟೀವಿಯ ಬೆಳಕು ಅವಳ ಮುಖವನ್ನೂ ಬೂದಿ ಮಾಡಿತ್ತು.

“ಅಮ್ಮಾರು ಹೇಳೋದು ಖರೇ. ನನಗ ಅಷ್ಟು ತೆಲುಗು ಬರಂಗಿಲ್ಲ. ಸಸಿ, ಬುಟ್ಟಿ ಅಂದ್ರ ತಿಳೀತದ. ಇಂಥ ಮಾತು ತಿಳೆಂಗಿಲ್ಲ. ನಾ ನೋಡಿ ನೋಡಿ ಕಟ್ಟಿ ಹೇಳಾಕತ್ತಿದ್ದೆ. ಕಲರ್ ಸಿನಿಮಾ ಕೇಳಬೇಕಂತ ಸುದ್ದಾ ನನಗ ತಿಳೀಲಿಲ್ಲ. ಹಿರೇತನಾನ ಯಮನಮ್ಮಕ್ಕಗ…”

“ಕೂಡಬೇ ಕೆಳಗ!” ಎಂದಳು ಯಮನಮ್ಮ. “ಟೀವಿಗೆ ಅಡ್ಡ ನಿಂತೀಯಲ್ಲ.”

ಆದಮ್ಮ ಕೂತಳು.

“ನೀ ಕಟ್ಟಿ ಹೇಳಾಕತ್ತೀ ಅಂಬೋದು ನಮಗ ಗೊತ್ತಿಲ್ಲೇನು? ಅಂವ ಅಷ್ಟುದ್ದ ಮಾತಾಡ್ತಾನ, ನೀ ಇಷ್ಟ ಹೇಳ್ತಿ. ಅಂವ ಇಷ್ಟ ಅಂತಾನ, ನೀ ಹರದಾರಿ ಉದ್ದ ಹೇಳ್ತಿ. ನಾವೇನು ಕಿವುಡ್ರಾ?” ಯಮನಮ್ಮ ಎಲ್ಲರ ಕಡೆ ತಿರುಗಿದಳು. “ಲಿಂಗಸುಗೂರಾಗ ನೋಡಿದ್ನಲ್ಲ, ಸೀರಿ ಅಂಚು ನೋಡಿ ನೋಡಿ ನಿದ್ದಿ ಬಂದಿತ್ತು ನನಗ. ಇಲ್ಲಿ ನಕ್ಕು ನಕ್ಕು ಪಕ್ಕೆಲುಬು ಹಿಡದಾವು. ಅಮ್ಮಾರ, ಅದರಾಗ ಏನೈತಿ ಅಂಬೋದು ನಮಗ ಬ್ಯಾಡ್ರಿ. ಈಕಿ ಏನ್ ಹೇಳ್ತಾಳ ಅದು ಬೇಕ್ರಿ. ಹೇಳಬೇ ಮುಂದ!”

“ಹೇಳು, ಹೇಳು!” ಎಂದು ಗೋದಾಮೆಲ್ಲ ಕೂಗಿತು.

ಮಾಣಿಕ್ಯಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. “ನಾನೂ ಅದನ್ನೇ ಹೇಳಬೇಕಂತಿದ್ದೆ. ನನಗೆ ಮಾತು ಮುಗಿಸೋಕೆ ಬಿಟ್ಟರಲ್ಲವಾ? ಚಿಕ್ಕವಳಿದ್ದಾಗ ನೋಡಿ ಇಷ್ಟು ನಕ್ಕಿರಲಿಲ್ಲ. ಏ ಸಾಬಾ, ಹಿಂದಕ್ಕೆ ತಿರುಗಿಸು. ಕೊಡ ಕೊಡೋ ಜಾಗದಿಂದ ಹಾಕು. ಈ ಅಮ್ಮಾಯಿ ಮತ್ತೆ ಹೇಳಲಿ.”

ಮಹಮ್ಮದಸಾಬ ಹಿಂದಕ್ಕೆ ತಿರುಗಿಸಿದ. ದೆವ್ವ ಹಿಮ್ಮುಖವಾಗಿ ಓಡಿ ಗೋಡೆ ಹೊಕ್ಕಿತು, ಮತ್ತೆ ಹೊರಬಂತು. ಈ ಸಲ ಆದಮ್ಮ ಕೂತು ಹೇಳಲಿಲ್ಲ. ಟೀವಿಯ ಪಕ್ಕಕ್ಕೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಂತೇ ಹೇಳಿದಳು. ಮೊದಲು ಹೇಳಿದ್ದನ್ನೇ ಹೇಳಲಿಲ್ಲ. ಅದಕ್ಕಿಂತ ಖಾರದ್ದು ಹೇಳಿದಳು. ಹೆಂಡತಿಯ ಮಾತು ಬಂದಾಗ ಯಮನಮ್ಮ ತಡೆಯಲಾರದೆ ತಾನೇ ಬಾಯಿ ಹಾಕಿ, “ನೀರು ತಂದಮ್ಯಾಲ ಎಮ್ಮಿ ಮೈ ತೊಳಿ! ನೀ ದೆವ್ವ ಆಗಿದ್ದು ಛಲೋನ ಆತು, ನಿನ್ನ ಎರಡು ಹೊತ್ತಿನ ಊಟದ ಚಿಂತಿ ತಪ್ಪಿತು!” ಎಂದು ಅಬ್ಬರಿಸಿದಳು. ಆಮೇಲೆ ದೆವ್ವ ಆದಮ್ಮನದು, ಹೆಂಡತಿ ಯಮನಮ್ಮನದು. ನಗುವಿನ ಸದ್ದಿಗೆ ಕಾಲುವೆಯ ಆಚೆ ಕೆಲಸದಲ್ಲಿದ್ದ ಆಳುಗಳೂ ಬಂದು ಬಾಗಿಲಲ್ಲಿ ನಿಂತರು. ವೆಂಕಟರತ್ನಂ ಯಾರಿಗೋ ಏನೋ ಆಯಿತೆಂದು ಓಡಿಬಂದವನು ತಾನೂ ಚೀಲದ ಮೇಲೆ ಕೂತುಬಿಟ್ಟ.

ಸಿನಿಮಾ ಮುಗಿದು ಗೋಣಿಚೀಲ ಬಿಚ್ಚಿದಾಗ ಹೊರಗೆ ಇಳಿಬಿಸಿಲು. ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಹೊರಬರುತ್ತಿದ್ದಂತೆ, ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ ಒಬ್ಬ ರೈತ ಎದ್ದು ಬಂದ. ಮುಕ್ಕುಂದದ ಕನಕರಾಯ. ಅವನ ಗದ್ದೆ ಹದವಾಗಿತ್ತು, ಸಸಿ ಬಲಿಯುತ್ತಿತ್ತು, ಆಳುಗಳು ಸಿಕ್ಕಿರಲಿಲ್ಲ.

“ಈ ಗುಂಪಿಗೆ ಹಿರೇರು ಯಾರವ್ವ?” ಎಂದು ಅವನು ಎಲ್ಲರಿಗಿಂತ ದೊಡ್ಡವಳಾಗಿ ಕಂಡ ಯಮನಮ್ಮನನ್ನೇ ಕೇಳಿದ.

ಯಮನಮ್ಮ ಎಲೆ-ಅಡಿಕೆ ಉಗುಳಿ, ಗದ್ದ ತಿರುವಿ ಆದಮ್ಮನನ್ನು ತೋರಿಸಿದಳು. “ಅಲ್ಲಿ ನಿಂತಾಳ ನೋಡ್ರಿ. ಈ ವರ್ಷನೂ ಆಕೀನ, ಬರೋ ವರ್ಷನೂ ಆಕೀನ. ನಮ್ಮನ್ನ ಕೇಳಬ್ಯಾಡ್ರಿ.”

ರಾಜಾಬೀ ಆದಮ್ಮನ ಬೆನ್ನಿಗೆ ಒಂದು ಗುದ್ದು ಹಾಕಿ ಮುಂದೆ ತಳ್ಳಿದಳು.

ಆದಮ್ಮ ಕನಕರಾಯನ ಎದುರು ನಿಂತಳು. ಈ ಸಲ ಕೈ ಸೆರಗಿನ ತುದಿಗೆ ಹೋಗಲಿಲ್ಲ. ನೆಲ ಎಷ್ಟು, ನೀರು ಎಷ್ಟು, ಟ್ರ್ಯಾಕ್ಟರ್ ಯಾವಾಗ ಕಳಿಸುತ್ತೀರಿ ಎಂದು ಒಂದೊಂದಾಗಿ ಕೇಳಿದಳು. ಆಮೇಲೆ ಖುಷಿಯ ಮಾತು ಬಂತು.

“ಕೆಲಸ ಮುಗದ ದಿನ ವಿಡಿಯೋ ಹಾಕಸಬೇಕ್ರಿ. ಕಪ್ಪು-ಬಿಳೀದು, ದೆವ್ವದ್ದು, ತೆಲುಗಿನದು.”

ಕನಕರಾಯ ಬೆರಗಾದ. “ಅಲ್ಲವಾ ತಾಯಿ, ನಮ್ಮ ಕಡೆ ಯಾರಿಗೂ ತೆಲುಗು ಬರಂಗಿಲ್ಲ.”

“ನನಗೂ ಬರಂಗಿಲ್ರಿ,” ಎಂದಳು ಆದಮ್ಮ, ಎಲ್ಲರಿಗೂ ಕೇಳುವ ಹಾಗೆ. “ಅದಕ್ಕಾ ತೆಲುಗಿನದಾ ಬೇಕು.”